ಐದರಲ್ಲಿ ಮೂರು

ಜೂನ್ 28, ಶುಕ್ರವಾರ

ಶಾಲೆಗೆ ಬೇಸಿಗೆ ರಜೆ ಬಿದ್ದು ಮೂರು ವಾರವಾಯಿತು. ಆದರೂ ಇವತ್ತು ನಮ್ಮನ್ನೆಲ್ಲ ಕರೆಸಿ, ಊರಿನ ಶಾಲೆಗಳ ಮೇಲಿನ ಹೊಸ ಸೂಪರಿಂಟೆಂಡೆಂಟ್ ತಲಾ ಒಂದು ಬಟ್ಟೆ ಚೀಲ ಕೊಟ್ಟ. ಒಳಗೆ ಮೂರು ಪುಸ್ತಕ. ನೀಲಿ ರಟ್ಟಿನದು ನಾಯಕತ್ವದ ಬಗ್ಗೆ, ಹಳದಿಯದು ಸಂತೋಷದ ಬಗ್ಗೆ, ಬೂದು ಬಣ್ಣದ್ದು ಕೆಲಸದ ಬದುಕಿನ ಬಗ್ಗೆ. ರಜೆಯಲ್ಲಿ ಕೆರೆಯ ದಂಡೆಯ ಮೇಲೆ ಕೂತು ಮೂರನ್ನೂ ಓದಿ, ಆಗಸ್ಟ್‌ನಲ್ಲಿ ಬಂದು ಕಲಿತದ್ದನ್ನು ಹೇಳಬೇಕಂತೆ.

ಅವನ ಹೆಸರು ಡಾಕ್ಟರ್ ಟ್ಯಾನರ್ ಓಕ್ಸ್. "ಡಾಕ್ಟರ್ ಗೀಕ್ಟರ್ ಎಲ್ಲ ಬೇಡ, ಬರೀ ಟ್ಯಾನರ್ ಅನ್ನಿ" ಅನ್ನುತ್ತಾನೆ. ವಯಸ್ಸು ಮೂವತ್ತೆಂಟು. ಬಸ್ಸುಗಳನ್ನು ನೋಡಿಕೊಳ್ಳುವವನು, ಕಟ್ಟಡ ಗುಡಿಸುವವರ ಮೇಲಿನವನು, ಅಡುಗೆಮನೆಯ ಮೇಲಿನವಳಾದ ನಾನು, ಎಲ್ಲರೂ ಇನ್ನು ಮುಂದೆ "ನಾಯಕರು." ಮೂವತ್ತೊಂದು ವರ್ಷದಿಂದ ಈ ಪ್ರಾಥಮಿಕ ಶಾಲೆಯ ಅಡುಗೆಮನೆ ನಡೆಸುತ್ತಿದ್ದೇನೆ. ದಿನಕ್ಕೆ ಮುನ್ನೂರ ಎಂಬತ್ತು ತಟ್ಟೆ. ಒಂದು ದಿನವೂ ಊಟ ತಡವಾಗಿಲ್ಲ. ಇಷ್ಟು ವರ್ಷ ನಾನು ಏನಾಗಿದ್ದೆನೋ ಅದನ್ನು ತಿಳಿಯಲು ಈಗ ಪುಸ್ತಕ ಓದಬೇಕು.

ಚೀಲದಲ್ಲಿ ಈ ನೋಟ್‌ಬುಕ್ ಕೂಡ ಇತ್ತು. ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಯಾರಿಗೂ ತೋರಿಸಬೇಡಿ ಎಂದು ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಬರೆಯುತ್ತಿದ್ದೇನೆ. ತೋರಿಸಿದರೆ ಕೆಲಸ ಹೋಗುತ್ತದೆ.

ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಆರ್ಡಿಸ್, ಲೂಆನ್ ಅವರ ಈ ವರ್ಷದ ಕೆಲಸದ ಅಂಕಪತ್ರ ಆಗಸ್ಟ್ ಹದಿನೈದರ ಒಳಗೆ ಬೇಕು. ಹೈಸ್ಕೂಲಿನ ಅಡುಗೆಮನೆಗೆ ಮುಖ್ಯಸ್ಥೆಯಾಗಿ ಹೋಗೋಕೆ ಅರ್ಜಿ ಹಾಕಿದಾರಲ್ಲ, ಅದಕ್ಕೆ. ನಿಮಗೆ ಹೇಳೇ ಇರ್ತಾರೆ."

"ಹೇಳದೆ ಏನು" ಅಂದೆ.

ಹೇಳಿರಲಿಲ್ಲ. ಲೂಆನ್ ಪ್ರಿಬಿಲ್ ಹದಿನಾಲ್ಕು ವರ್ಷದಿಂದ ನನ್ನ ಕೈಕೆಳಗಿದ್ದಾಳೆ. ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಾಳೆ. ಮುನ್ನೂರ ಎಂಬತ್ತು ಮಕ್ಕಳ ಹೆಸರು, ಯಾರಿಗೆ ಹಾಲು ಒಗ್ಗದು, ಯಾರಿಗೆ ಕಡಲೆಕಾಯಿ ವಿಷ, ಯಾವನು ಸೋಮವಾರ ಹಸಿದುಕೊಂಡು ಬರುತ್ತಾನೆ, ಎಲ್ಲ ಅವಳ ತಲೆಯಲ್ಲಿದೆ. ಅವಳು ಹೋದರೆ ನನ್ನ ಅಡುಗೆಮನೆ ಕುಂಟುತ್ತದೆ. ಅವಳಿಗೆ ಮಂಡಿನೋವು, ಹೈಸ್ಕೂಲು ಅವಳ ಮನೆಗೆ ಹತ್ತಿರ. ಅದಕ್ಕೇ ಇರಬೇಕು.

ಚಿಂತೆಯಿಲ್ಲ. ಮುಖ್ಯಸ್ಥೆಯಾಗಲು ಅಂಕಪತ್ರದಲ್ಲಿ ಐದಕ್ಕೆ ನಾಲ್ಕಾದರೂ ಇರಬೇಕು. ನಾನು ಯಾರಿಗೂ ಮೂರು ದಾಟಿಸಿದವಳಲ್ಲ. ಐದು ದೇವರಿಗೆ, ನಾಲ್ಕು ನನಗೆ, ಮೂರು ಚೆನ್ನಾಗಿ ಕೆಲಸ ಮಾಡುವವರಿಗೆ. ಹದಿಮೂರು ವರ್ಷವೂ ಅವಳಿಗೆ ಮೂರು ಕೊಟ್ಟಿದ್ದೇನೆ. ಈ ವರ್ಷವೂ ಮೂರು ಬರೆದರೆ ಅವಳು ಎಲ್ಲಿಗೂ ಹೋಗುವುದಿಲ್ಲ. ಅದಕ್ಕಾಗಿ ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ.

ಜುಲೈ 6, ಶನಿವಾರ

ಕೆರೆಯ ದಂಡೆಯ ಕ್ಯಾಬಿನ್‌ಗೆ ಬಂದೆವು. ಇದು ನನ್ನ ಗಂಡ ವೆಂಡೆಲ್‌ನ ತಂಗಿ ಮಾರ್ಲಿಸ್‌ಳದು, ಪ್ರತಿ ಜುಲೈನಲ್ಲಿ ಎರಡು ವಾರ ನಮಗೂ ಜಾಗ. ವೆಂಡೆಲ್ ಚಪ್ಪಲಿ ಬಿಚ್ಚುವ ಮೊದಲೇ ಗಾಳ ಹಿಡಿದು ದೋಣಿ ಹತ್ತಿದ. ನಲವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನಗಿಂತ ಮೀನಿನ ಜೊತೆ ಹೆಚ್ಚು ಮಾತಾಡಿದ್ದಾನೆ.

ನೀಲಿ ಪುಸ್ತಕ ಹಿಡಿದೆ. ಬರೆದವನು ಒಂದು ದೊಡ್ಡ ಬೆಟ್ಟ ಹತ್ತಿದನಂತೆ. ತುದಿಯಲ್ಲಿ ಉಸಿರು ಸಿಗದೆ ಒದ್ದಾಡುವಾಗ, ಕಂಪನಿಯನ್ನು ಹೇಗೆ ನಡೆಸಬೇಕೆಂದು ಹೊಳೆಯಿತಂತೆ. ಇನ್ನೂರ ನಲವತ್ತು ಪುಟ. ಕೊನೆಗೆ ಹೊಳೆದದ್ದೇನಪ್ಪಾ ಎಂದರೆ, ಹಿಂದೆ ಬರುವವರನ್ನು ಆಗಾಗ ತಿರುಗಿ ನೋಡಬೇಕು. ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ಇವನು ಗುಡ್ಡ ಹತ್ತಿ ಇಲಿ ಹಿಡಿದಿದ್ದಾನೆ. ಅವನ ಸಾಮಾನು ಹೊತ್ತವರ ಹೆಸರು ಒಂದು ಪುಟದಲ್ಲೂ ಇಲ್ಲ. ಅವರಿಗೆ ಉಸಿರು ಸಿಕ್ಕಿತೋ ಇಲ್ಲವೋ.

ಕ್ಯಾಬಿನ್‌ನ ಜಗಲಿ ಕಿಟಕಿ ತೆರೆದಿಟ್ಟರೆ ನಿಲ್ಲುವುದಿಲ್ಲ. ನೀಲಿ ಪುಸ್ತಕವನ್ನು ಅಡ್ಡ ಕೊಟ್ಟೆ. ಅಳತೆಗೆ ಸರಿಯಾಗಿದೆ.

ಜುಲೈ 7, ಭಾನುವಾರ

ಹಳದಿ ಪುಸ್ತಕದ ಪ್ರಕಾರ ಸಂತೋಷದ ಗುಟ್ಟು ಬೆಳಗಿನ ನಾಲ್ಕೂವರೆಗೆ ಏಳುವುದು. ನಾನು ಮೂವತ್ತೊಂದು ವರ್ಷದಿಂದ ನಾಲ್ಕೂವರೆಗೇ ಏಳುತ್ತಿದ್ದೇನೆ. ಆ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಸಂತೋಷ ನನ್ನ ಕಿವಿಯಿಂದ ಉಕ್ಕಬೇಕಿತ್ತು.

ಬರೆದವನು ಎದ್ದು ಕಿಟಕಿಯ ಬಳಿ ಕೂತು ಬಿಸಿನೀರು ಕುಡಿಯುತ್ತಾ "ಇರುತ್ತಾನೆ." ಬರೀ ಇರುತ್ತಾನೆ. ತಿಂಡಿ ಯಾರು ಮಾಡುತ್ತಾರೆ ಎಂದು ಹುಡುಕಿದೆ. ತೊಂಬತ್ತೊಂದನೆಯ ಪುಟದಲ್ಲಿ "ನನ್ನ ಹೆಂಡತಿ ಒಳಗೆ ಏನೋ ಹುರಿಯುತ್ತಿರುವ ಪರಿಮಳ" ಬರುತ್ತದೆ. ಆ ಹೆಂಗಸು ಒಂದು ಪುಸ್ತಕ ಬರೆದರೆ ಕಾಸು ಕೊಟ್ಟು ಕೊಳ್ಳುತ್ತೇನೆ.

ಜುಲೈ 9, ಮಂಗಳವಾರ

ಸೊಳ್ಳೆ ಹನ್ನೊಂದು. ಎಲ್ಲವನ್ನೂ ಹಳದಿ ಪುಸ್ತಕದಿಂದಲೇ ಹೊಡೆದೆ. ಅದರಿಂದ ಸಿಕ್ಕಿದ ಮೊದಲ ಸಂತೋಷ.

ಜುಲೈ 10, ಬುಧವಾರ

ಬೂದು ಪುಸ್ತಕವನ್ನು ಒಬ್ಬ ಹೆಂಗಸು ಬರೆದಿದ್ದಾಳೆ. ಬೆಟ್ಟ ಹತ್ತಿಲ್ಲ, ಅಷ್ಟು ಪುಣ್ಯ. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಮನೆಗೆಲಸ ಕೊಟ್ಟಿದ್ದಾಳೆ. ನಿಮ್ಮ ಕೈಕೆಳಗೆ ಇದ್ದವರನ್ನು "ನನ್ನ ಜೊತೆ ಕೆಲಸ ಮಾಡುವುದು ಹೇಗಿತ್ತು?" ಎಂದು ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಎದುರಿನವರು ಏನಂದರೂ ವಾದಿಸಬಾರದು.

ಇದೊಂದು ಬೊಗಳೆ ಎಂದು ತೋರಿಸಲು ವೆಂಡೆಲ್‌ನ ಮೇಲೆ ಪರೀಕ್ಷೆ ಮಾಡಿದೆ. ಅವನು ಮೀನು ಸೀಳುತ್ತಿದ್ದ.

"ವೆಂಡೆಲ್, ನನ್ನ ಜೊತೆ ಬಾಳೋದು ಹೇಗಿದೆ?"

"ಯಾಕೆ, ನಾನೇನು ಮಾಡ್ದೆ?"

"ಏನೂ ಮಾಡಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳು."

"ನಾನೇನೂ ಮಾಡ್ಲಿಲ್ಲ ಕಣೇ. ಶೆಡ್ಡಿನ ಬೀಗ ಮೊದಲೇ ಮುರಿದಿತ್ತು."

ಹತ್ತರವರೆಗೆ ಎಣಿಸಿದೆ. ಅಷ್ಟರಲ್ಲಿ ಅವನು ಇನ್ನೂ ಎರಡು ತಪ್ಪು ಒಪ್ಪಿಕೊಂಡ. ಪುಸ್ತಕ ಪ್ರಯೋಜನಕ್ಕೆ ಬಾರದ್ದು ಅನ್ನುವ ಹಾಗಿಲ್ಲ.

ಜುಲೈ 12, ಶುಕ್ರವಾರ

ಹುಳು ಕೊಳ್ಳಲು ಗಾಳದ ಅಂಗಡಿಗೆ ಹೋದೆ. ಅಂಗಡಿಯವನು ಡುವೇನ್, ಹಿಂದೆ ನಮ್ಮ ಅಡುಗೆಮನೆಯಲ್ಲಿ ಮೂರು ವರ್ಷ ತಟ್ಟೆ ತೊಳೆದವನು. ಈಗ ತಲೆ ಬೋಳಾಗಿದೆ, ಸ್ವಂತ ಅಂಗಡಿ, ಹೊಟ್ಟೆಯೂ ಬಂದಿದೆ. ಸುಮ್ಮನೆ ಕೇಳಿದೆ.

"ಡುವೇನ್, ನನ್ನ ಕೈಕೆಳಗೆ ಕೆಲಸ ಮಾಡೋದು ಹೇಗಿತ್ತು?"

ಅವನು ಹುಳುವಿನ ಡಬ್ಬಿಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ಓ, ಅದಾ. ಪರವಾಗಿರ್ಲಿಲ್ಲ ಬಿಡಿ. ಅಡುಗೆಮನೆ ಬಹಳ ಚೊಕ್ಕಟವಾಗಿತ್ತು."

ನಮ್ಮ ಕಡೆಯವರ ಬಾಯಿಂದ ನಿಜ ಹೊರಡಿಸುವುದಕ್ಕಿಂತ ಜನವರಿಯ ಹಿಮದಲ್ಲಿ ಟ್ರ್ಯಾಕ್ಟರ್ ಹೊರಡಿಸುವುದು ಸುಲಭ. ಎಣಿಸುತ್ತಾ ನಿಂತೆ. ಏಳಕ್ಕೇ ಅವನು ಬಾಯಿ ಬಿಟ್ಟ.

"ಬೆಳಿಗ್ಗೆ ಲೂಆನ್ ಹಿಂಬಾಗಿಲ ಹತ್ರ ನಿಂತಿರೋರು. ನಾವು ಒಳಗೆ ಬರೋವಾಗ ಬೆರಳು ತೋರ್ಸೋರು. ಒಂದು ಬೆರಳು ಅಂದ್ರೆ ಇವತ್ತು ನೀವು ಚೆನ್ನಾಗಿದೀರಿ ಅಂತ. ಐದು ಅಂದ್ರೆ ಬಾಯಿ ಮುಚ್ಕೊಂಡು ತಟ್ಟೆ ತೊಳೀರಿ ಅಂತ."

"ಸಾಮಾನ್ಯವಾಗಿ ಎಷ್ಟಿರ್ತಿತ್ತು?"

"ನಾಲ್ಕು" ಅಂದ. ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಾ, "ನಾಲ್ಕೂವರೆ."

ಅಂದರೆ ಆ ಅಡುಗೆಮನೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕ ಪಡೆದವಳು ನಾನೊಬ್ಬಳೇ.

ಹುಳು ತಗೊಂಡು ಬಂದೆ. ಕಾಸು ಬೇಡ ಅಂದ. ಕೊಟ್ಟೇ ಬಂದೆ.

ಜುಲೈ 13, ಶನಿವಾರ

ಬೂದು ಪುಸ್ತಕವನ್ನು ಮಂಚದ ಕೆಳಕ್ಕೆ ಎಸೆದೆ. ಸಂಜೆ ಗುಡಿಸುವಾಗ ಸಿಕ್ಕಿತು. ಸಿಕ್ಕಿದ ಮೇಲೆ ಇನ್ನೊಂದು ಅಧ್ಯಾಯ ಓದಿದೆ. ಮೂರ್ಖತನ ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಎಂದು.

ಜುಲೈ 15, ಸೋಮವಾರ

ಇವತ್ತು ಮಾರ್ಲಿಸ್ ನಿಂಬೆ ಬಾರ್ ಎಂಬ ಸಿಹಿ ಮಾಡಲು ಕೂತಿದ್ದಳು. ಪಕ್ಕದ ಕ್ಯಾಬಿನ್‌ನವರು ಮೊನ್ನೆ ಹಾಟ್‌ಡಿಶ್, ಅಂದರೆ ಮಾಂಸದ ಮೇಲೆ ಆಲೂ ಹಾಸಿ ಓವನ್‌ನಲ್ಲಿ ಬೇಯಿಸಿದ್ದು, ಕಳಿಸಿದ್ದರು. ಅವರ ಪಾತ್ರೆಯ ತಳದಲ್ಲಿ ಟೇಪು ಅಂಟಿಸಿ ಹೆಸರು ಬರೆದಿತ್ತು. ಆ ಪಾತ್ರೆ ತುಂಬಿ ವಾಪಸ್ ಹೋಗಬೇಕು.

"ಬರೀ ತೊಳೆದು ಕೊಟ್ಟರಾಗದಾ? ಈ ಸೆಖೇಲಿ ಓವನ್ ಯಾಕೆ ಹಚ್ಚುತೀಯಾ" ಅಂದೆ.

"ಖಾಲಿ ಪಾತ್ರೆ ವಾಪಸ್ ಕೊಡೋದಾ! ನಮ್ಮಮ್ಮ ಸಮಾಧಿಯಿಂದ ಎದ್ದು ಬರ್ತಾಳೆ ಮಾರಾಯ್ತಿ."

ದಿನಕ್ಕೆ ಹನ್ನೊಂದು ಮಾತಾಡುವ ವೆಂಡೆಲ್ ಆಗಲೇ ಬಾಯಿ ತೆರೆಯಬೇಕೆ? "ಲೂಆನ್ ಪಾತ್ರೆ ಖಾಲಿ ಹೋಗ್ಲಿಲ್ಲ. ಚೀಟಿ ಹೋಯ್ತು."

"ಯಾವ ಚೀಟಿ?" ಅಂದಳು ಮಾರ್ಲಿಸ್.

ಹೇಳಿದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಹೋದ ವರ್ಷ ಫೆಬ್ರವರಿಯಲ್ಲಿ ವೆಂಡೆಲ್‌ಗೆ ಹೃದಯದ ಆಪರೇಷನ್ ಆದಾಗ ಲೂಆನ್ ಆರು ಗುರುವಾರ ಹಾಟ್‌ಡಿಶ್ ಮಾಡಿಕೊಂಡು ಬಂದಳು. ನನಗೆ ಬಾರ್ ಗೀರ್ ಮಾಡಲು ಪುರಸೊತ್ತಿರಲಿಲ್ಲ. ಪಾತ್ರೆಯನ್ನು ತಿಕ್ಕಿ ತೊಳೆದು, ಒಳಗೆ ಒಂದು ರುಚಿ ಚೀಟಿ ಬರೆದಿಟ್ಟು ಕೊಟ್ಟೆ. ನಮ್ಮ ಅಡುಗೆಮನೆಯಲ್ಲಿ ಹೊಸ ಅಡುಗೆ ಮಾಡಿದಾಗ ಬರೆಯುತ್ತೇವಲ್ಲ, ಅಂಥದ್ದೇ. ಉಪ್ಪು, ಬೇಯುವಿಕೆ, ಮೇಲಿನ ಆಲೂ ಗರಿಗರಿ ಇದೆಯೋ ಇಲ್ಲವೋ, ಒಟ್ಟು ಅಂಕ. ಅದು ಒಬ್ಬ ಅಡುಗೆಯವಳು ಇನ್ನೊಬ್ಬ ಅಡುಗೆಯವಳಿಗೆ ಕೊಡುವ ಗೌರವ. ಊರಿನ ಬೇರೆ ಹೆಂಗಸರು ತಂದದ್ದಕ್ಕೆ ನಾನು ಚೀಟಿ ಬರೆಯಲೇ ಇಲ್ಲ. ಅವು ಅದಕ್ಕೆ ಯೋಗ್ಯವಾಗಿರಲಿಲ್ಲ.

ಮಾರ್ಲಿಸ್ ಕಲಸುವುದನ್ನು ನಿಲ್ಲಿಸಿದಳು. "ಎಷ್ಟು ಕೊಟ್ಟೆ?"

"ಮೂರು. ಒಂದು ವಾರ ಎರಡೂವರೆ. ಆಲೂ ಮೆತ್ತಗಾಗಿತ್ತು."

"ಅಯ್ಯೋ ಆರ್ಡಿಸ್."

"ಏನು ಅಯ್ಯೋ? ಮೆತ್ತಗಾಗಿತ್ತು, ಮೆತ್ತಗಾಗಿತ್ತು ಅಂದೆ."

ವೆಂಡೆಲ್ ಎದ್ದು ದೋಣಿಯ ಕಡೆ ಹೊರಟವನು ಬಾಗಿಲಲ್ಲಿ ನಿಂತ. "ನನಗೆ ರುಚಿಯಾಗಿತ್ತು. ಆ ಆರು ವಾರ ನೀನು ಸಿಂಕಿನ ಮುಂದೆ ನಿಂತು ಅಳ್ತಿದ್ದೆ. ಅವಳು ಬಂದು ಕೂತು, ಕೋಟು ಕೂಡ ಬಿಚ್ಚದೆ, ಹವಾಮಾನದ ಬಗ್ಗೆ ಮಾತಾಡೋಳು. ನೀನು ಸುಮ್ಮನಾಗೋವರೆಗೂ ಮಾತಾಡೋಳು. ನಾನು ಒಳಗೆ ಮಲಗಿ ಎಲ್ಲ ಕೇಳಿಸ್ಕೋತಿದ್ದೆ."

ಇಷ್ಟು ಹೇಳಿ ಮೀನಿಗೆ ಹೋದ. ಅವನ ವಾರದ ಮಾತು ಖರ್ಚಾಗಿ ಹೋಯಿತು.

ಜುಲೈ 16, ಮಂಗಳವಾರ

ಮಾರ್ಲಿಸ್ ದಿನವಿಡೀ ನನ್ನ ಜೊತೆ ಬಹಳ ಮರ್ಯಾದೆಯಿಂದ ನಡೆದುಕೊಂಡಳು. ಅದಕ್ಕಿಂತ ಉಗಿಯುವುದು ವಾಸಿ.

ಜುಲೈ 27, ಶನಿವಾರ

ಊರಿಗೆ ಬಂದು ವಾರವಾಯಿತು. ಹಿತ್ತಲಲ್ಲಿ ಜುಕಿನಿ ಸೌತೆ ಯಾರಿಗೂ ಬೇಡವಾಗುವಷ್ಟು ಬಿಟ್ಟಿದೆ. ನಾಲ್ಕು ಕಿತ್ತುಕೊಂಡು ಅದರ ನೆಪದಲ್ಲಿ ಲೂಆನ್‌ಳ ಮನೆಗೆ ಹೋದೆ. ಅವಳ ಅಡುಗೆಕಟ್ಟೆಯ ಮೇಲೂ ಆರು ಜುಕಿನಿ ಇದ್ದವು. ಇಬ್ಬರೂ ಅದನ್ನು ಕಾಣದವರಂತೆ ಇದ್ದೆವು.

ಬ್ರೆಡ್ಡು ಮಾಡುತ್ತಿದ್ದಳು, ಮೊಣಕೈಯವರೆಗೆ ಹಿಟ್ಟು. ಒಂದು ತುಂಡು ಕೊಯ್ದು ಬೆಣ್ಣೆ ಹಚ್ಚಿ ಕೊಟ್ಟಳು. ಉಪ್ಪು ಒಂದು ಚಿಟಿಕೆ ಕಡಿಮೆ. ಹೇಳದೆ ನುಂಗಿದೆ.

"ಮಂಡಿನೋವು ಹೇಗಿದೆ?"

"ಯಾವ ಮಂಡಿ?"

"ನಿನ್ನ ಮಂಡಿ ಕಣೇ. ಅದಕ್ಕೇ ಅಲ್ವಾ ಹೈಸ್ಕೂಲಿಗೆ ಹಾಕಿರೋದು, ಹತ್ತಿರ ಅಂತ?"

"ಅದು ವಾಸಿಯಾಗಿ ನಾಲ್ಕು ವರ್ಷ ಆಯ್ತಲ್ಲ ಆರ್ಡಿಸ್" ಅಂದಳು. ಬೇಸರದಿಂದಲ್ಲ, ಮಾಹಿತಿ ಕೊಡುವವಳಂತೆ. "ಅಲ್ಲಿ ದೊಡ್ಡ ಓವನ್ ಇದೆ. ಬ್ರೆಡ್ಡು ನಾವೇ ಮಾಡ್ಕೋಬಹುದು ಅಂದ್ರು ಟ್ಯಾನರ್."

"ಬ್ರೆಡ್ಡು ಮಾಡಬೇಕು ಅಂತ ನನಗೊಂದು ಮಾತು ಹೇಳಿದ್ರೆ ನಮ್ಮಲ್ಲೇ ಮಾಡಬಹುದಿತ್ತು."

"ನಾಲ್ಕು ಸಲ ಹೇಳಿದ್ದೆ."

"ನಾನೇನಂದೆ?"

"ಲಾರೀಲಿ ಬರೋ ಬ್ರೆಡ್ಡಿಗೆ ಏನಾಗಿದೆ ಅಂದ್ರಿ."

ಅಂದಿರುತ್ತೇನೆ. ನನ್ನ ಮಾತಿನ ಧಾಟಿಯೇ ಅದು.

ಆಮೇಲೆ ಅವಳೇ ಅಂಕಪತ್ರದ ಮಾತು ತೆಗೆದಳು. ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ. "ನೀವೇನೂ ತಲೆ ಕೆಡಿಸ್ಕೋಬೇಡಿ. ಮೂರು ಬರುತ್ತೆ ಅಂತ ಗೊತ್ತು ನನಗೆ. ಅರ್ಜಿ ಹಾಕೋಕೆ ಅಂಕ ಕೇಳಿರ್ಲಿಲ್ಲ, ಅದಕ್ಕೆ ಹಾಕ್ದೆ. ಐವತ್ತಮೂರು ಆಯ್ತು ನನಗೆ, ಒಂದ್ ಸಲ ಹಾಕಿ ನೋಡೋಣ ಅನ್ನಿಸ್ತು. ಸೆಪ್ಟೆಂಬರ್‌ನಲ್ಲಿ ಬರ್ತೀನಿ ಬಿಡಿ. ಎಲ್ಲಿಗೆ ಹೋಗ್ತೀನಿ?"

ನಕ್ಕಳು. ನಾನೂ ನಕ್ಕೆ. ಬಾಗಿಲಲ್ಲಿ ನಿಂತು ಜೋಳ, ಮಳೆ, ಅವಳ ಅಕ್ಕನ ಪಿತ್ತಕೋಶ ಎಲ್ಲ ಮಾತಾಡಿ ಹೊರಡುವ ಹೊತ್ತಿಗೆ ನಲವತ್ತು ನಿಮಿಷವಾಯಿತು.

ಅಂದರೆ ಗೆದ್ದೆ. ನಾನು ಏನೂ ಮಾಡದೆಯೇ ಅವಳು ಉಳಿಯುತ್ತಾಳೆ. ಮನೆಗೆ ಬಂದು ವೆಂಡೆಲ್‌ನ ಮೇಲೆ ಕಾರಣವಿಲ್ಲದೆ ರೇಗಿದೆ. ಶೆಡ್ಡಿನ ಬೀಗ ಎಂದೇನೋ ಅಂದೆ.

ಆಗಸ್ಟ್ 3, ಶನಿವಾರ

ಬೂದು ಪುಸ್ತಕವನ್ನು ಮೂರನೆಯ ಸಲ ಓದುತ್ತಿದ್ದೇನೆ. ತಪ್ಪು ಹುಡುಕಲು. ನೂರ ಹನ್ನೆರಡನೆಯ ಪುಟದಲ್ಲಿ ಆ ಹೆಂಗಸು ಹೇಳುತ್ತಾಳೆ: ಒಳ್ಳೆಯ ಕೆಲಸಗಾರರನ್ನು ಕೆಲವರು ಹೊಗಳಿ ಹಿಡಿದಿಟ್ಟುಕೊಳ್ಳುತ್ತಾರೆ, ಕೆಲವರು ಹೊಗಳದೆ ಹಿಡಿದಿಟ್ಟುಕೊಳ್ಳುತ್ತಾರೆ, ತನ್ನ ಬೆಲೆ ಗೊತ್ತಿಲ್ಲದವಳು ಬೇರೆ ಬಾಗಿಲು ತಟ್ಟುವುದಿಲ್ಲ.

ಈಕೆ ಯಾವತ್ತಾದರೂ ಮುನ್ನೂರ ಎಂಬತ್ತು ಮಕ್ಕಳಿಗೆ ಬೇಯಿಸಿದ್ದಾಳಾ? ಹೊಗಳುತ್ತಾ ಕೂತರೆ ಸಾರು ತಳ ಹಿಡಿಯುತ್ತದೆ. ನನ್ನನ್ನು ಯಾರು ಹೊಗಳಿದ್ದರು? ನಾನು ಮುಖ್ಯಸ್ಥೆಯಾಗುವ ಮೊದಲು ನನ್ನ ಮೇಲಿದ್ದ ಮುದುಕಿ ಹನ್ನೆರಡು ವರ್ಷ ನನಗೆ ಎರಡು ಕೊಟ್ಟಳು. ನಾನು ಸತ್ತೆನಾ? ಅಲ್ಲೇ ಉಳಿದೆ.

ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ನಾನು ಎಳೆದದ್ದಲ್ಲ. ಎಳೆದಿದ್ದರೂ ತಪ್ಪು ತೋರಿಸಲು.

ಆಗಸ್ಟ್ 12, ಸೋಮವಾರ

ಅಂಕಪತ್ರ ತುಂಬಿ ಕಂಪ್ಯೂಟರಿನಲ್ಲಿ ಕಳಿಸಿದೆ. ನಾಲ್ಕು ಬರೆಯೋಣ ಎಂದುಕೊಂಡು ಕೂತೆ. ಆದರೆ ನಾಲ್ಕು ನನ್ನದು, ನನ್ನದನ್ನು ಕೊಡಲು ಮನಸ್ಸು ಬರಲಿಲ್ಲ. ಅದಕ್ಕೆ ಐದು ಬರೆದೆ. ದೇವರು ಸುಧಾರಿಸಿಕೊಳ್ಳಲಿ.

ಇದಕ್ಕೂ ಆ ಪುಸ್ತಕಗಳಿಗೂ ಏನೇನೂ ಸಂಬಂಧವಿಲ್ಲ. ಬ್ರೆಡ್ಡು ನಿಜವಾಗಿಯೂ ಚೆನ್ನಾಗಿತ್ತು, ಅಷ್ಟೇ.

ಆಗಸ್ಟ್ 14, ಬುಧವಾರ

ಮಧ್ಯಾಹ್ನ ಟ್ಯಾನರ್ ಫೋನ್ ಮಾಡಿದ.

"ಆರ್ಡಿಸ್, ನಿಮ್ಮ ಅಂಕಪತ್ರವನ್ನ ಕಂಪ್ಯೂಟರ್ ತಡೆಹಿಡಿದಿದೆ. ಹದಿಮೂರು ವರ್ಷ ಮೂರು, ಈಗ ಇದ್ದಕ್ಕಿದ್ದ ಹಾಗೆ ಐದು. ಇಷ್ಟು ವ್ಯತ್ಯಾಸ ಬಂದ್ರೆ ಕಾರಣ ಬರೆದು ಕೊಡ್ಬೇಕು. ಅದಕ್ಕೊಂದು ಜಾಗ ಬಿಟ್ಟಿದೆ ನೋಡಿ, ಕೆಳಗೆ."

"ಬರೆಯದಿದ್ರೆ?"

"ನಾಳೆ ಸಂಜೆ ಐದು ಗಂಟೆಗೆ ತಾನಾಗೇ ಹಳೇ ಸರಾಸರಿಗೆ ಹೋಗುತ್ತೆ. ಮೂರಕ್ಕೆ."

"ಈ ವರ್ಷ ಕೆಲಸ ಸುಧಾರಿಸಿದೆ ಅಂತ ಬರೀಲಾ?"

"ಬರೀಬಹುದು. ನಿಜವಾದ್ರೆ. ಏನು ಸುಧಾರಿಸ್ತು ಅಂತ ಕೇಳ್ತಾರೆ ಆಯ್ಕೆ ಸಮಿತಿಯವರು. ಹಿಂದೆ ಏನು ಕೊರತೆ ಇತ್ತು ಅಂತ ಲೂಆನ್ ಅವರನ್ನೇ ಕೂರಿಸಿ ಕೇಳ್ತಾರೆ."

ಅವನು ಮೂರ್ಖ ಎಂದುಕೊಂಡಿದ್ದೆ. ಮೂರ್ಖನೇ. ಆದರೆ ಪೂರ್ತಿ ಅಲ್ಲ.

ಫೋನಿಟ್ಟು ಕೂತೆ. ದೇವರು ಕೈಯಾರೆ ತಂದಿಟ್ಟ ಉಪಾಯ ಇದು. ನಾನು ಐದು ಕೊಟ್ಟೆ, ಯಂತ್ರ ಒಪ್ಪಲಿಲ್ಲ, ನನ್ನ ತಪ್ಪೇನು? ನಾಳೆ ಸಂಜೆ ಐದರವರೆಗೆ ಕೈ ಕಟ್ಟಿಕೊಂಡು ಕೂತರೆ ಸಾಕು. ಒಳ್ಳೆಯವಳೂ ಆದೆ, ಲೂಆನ್‌ಳೂ ಉಳಿದಳು. ಸೆಪ್ಟೆಂಬರ್‌ನಲ್ಲಿ ಅವಳು ಹಿಂಬಾಗಿಲ ಹತ್ತಿರ ನಿಂತಿರುತ್ತಾಳೆ.

ಬೆರಳು ತೋರಿಸುತ್ತಾ.

ಆಗಸ್ಟ್ 15, ಗುರುವಾರ

ಬೆಳಗ್ಗೆ ಜಾಮ್ ಮಾಡಿದೆ. ಶೆಲ್ಫ್ ಒರೆಸಿದೆ. ಶೆಡ್ಡಿಗೆ ಹೊಸ ಬೀಗ ತಂದು ನಾನೇ ಹಾಕಿದೆ. ಮೂರು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತೆ.

ಮೊದಲು ಬರೆದದ್ದು: "ಈ ನಮೂನೆಯೇ ದೋಷಪೂರಿತ." ಅಳಿಸಿದೆ. ಆಮೇಲೆ ಬರೆದದ್ದು: "ಈ ವರ್ಷ ಸದರಿಯವರ ಕೆಲಸ ಬಹಳ ಸುಧಾರಿಸಿದೆ." ಅದನ್ನು ನೋಡುತ್ತಾ ಕಾಲು ಗಂಟೆ ಕೂತೆ. ಲೂಆನ್‌ಳನ್ನು ಸಮಿತಿಯವರ ಮುಂದೆ ಕೂರಿಸಿ ಹಿಂದೆ ನಿಮ್ಮಲ್ಲಿ ಏನು ಕೊರತೆಯಿತ್ತು ಎಂದು ಕೇಳಿದರೆ ಅವಳು ಏನು ಹೇಳುತ್ತಾಳೆ? ಏನಾದರೂ ಹುಡುಕಿ ಹೇಳುತ್ತಾಳೆ. ನನ್ನ ಮಾನ ಉಳಿಸಲು ತನ್ನ ಮೇಲೇ ಹಾಕಿಕೊಳ್ಳುತ್ತಾಳೆ. ಅವಳು ಅಂಥವಳು. ಅದನ್ನೂ ಅಳಿಸಿದೆ.

ನಾಲ್ಕೂ ಮುಕ್ಕಾಲಿಗೆ ಬರೆದದ್ದು ಇದು: "ಇವರ ಕೆಲಸ ಸುಧಾರಿಸಿಲ್ಲ. ಹದಿನಾಲ್ಕು ವರ್ಷವೂ ಇಷ್ಟೇ ಚೆನ್ನಾಗಿತ್ತು. ಹಿಂದಿನ ಹದಿಮೂರು ಅಂಕ ತಪ್ಪು. ತಪ್ಪು ನನ್ನದು. ಹೆಚ್ಚು ಕೊಟ್ಟರೆ ನನ್ನನ್ನು ಬಿಟ್ಟು ಹೋಗುತ್ತಾರೆಂದು ಹೆದರಿ ಕಡಿಮೆ ಕೊಟ್ಟೆ. ಆರ್ಡಿಸ್ ಕ್ವಾಮ್."

ಹೆದರಿ ಎಂದು ಬರೆಯಬೇಕೆಂದು ಕೂತವಳಲ್ಲ ನಾನು. ಕೈ ಬರೆದಾಗಿತ್ತು. ಐದಕ್ಕೆ ಎರಡು ನಿಮಿಷ ಇತ್ತು, ಅಳಿಸಲು ಹೊತ್ತಿರಲಿಲ್ಲ. ಒತ್ತಿಬಿಟ್ಟೆ.

ವೆಂಡೆಲ್ ಬಂದು "ಏನಾಯ್ತೇ, ಯಾಕೆ ಅಳ್ತೀಯಾ?" ಅಂದ. ಈರುಳ್ಳಿ ಅಂದೆ. ಮೇಜಿನ ಮೇಲೆ ಈರುಳ್ಳಿ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಹವಾಮಾನದ ಬಗ್ಗೆ ಏನೋ ಹೇಳಲು ಶುರುಮಾಡಿದ, ಪಾಪ, ಅವನಿಗೆ ಅದು ಸರಿಯಾಗಿ ಬರುವುದಿಲ್ಲ.

ಆಗಸ್ಟ್ 21, ಬುಧವಾರ

ನಾಯಕರೆಲ್ಲ ಸುತ್ತ ಕುರ್ಚಿ ಹಾಕಿ ಕೂತು ರಜೆಯಲ್ಲಿ ಓದಿ ಕಲಿತದ್ದನ್ನು ಹೇಳಿದರು. ಬಸ್ಸಿನವನು ನೀಲಿ ಪುಸ್ತಕದ ಹಿಂದಿನ ರಟ್ಟಿನ ಮೇಲಿದ್ದುದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಕಟ್ಟಡದವನು ಕಣ್ಣು ಮುಚ್ಚಿ "ನಾನು ಈಗ ಇರಲು ಕಲಿತಿದ್ದೇನೆ" ಅಂದ. ಇರುವುದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ, ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ.

ನನ್ನ ಸರದಿ ಬಂತು. "ನೀಲಿಗೆ ಒಂದು. ಹಳದಿಗೆ ಒಂದೂವರೆ, ಸೊಳ್ಳೆಗೆ ಒಳ್ಳೇದು. ಬೂದು ಪುಸ್ತಕಕ್ಕೆ ಮೂರು" ಅಂದೆ.

ಎಲ್ಲರೂ ನಕ್ಕರು. ಟ್ಯಾನರ್ ನಗಲಿಲ್ಲ. "ನಿಮ್ಮ ಮೂರು ಎಷ್ಟು ದೊಡ್ಡದು ಅಂತ ನನಗೆ ಈಗ ಗೊತ್ತು" ಅಂದ. ಮೈಯೆಲ್ಲ ಉರಿಯಿತು. ಅವನು ಓದಿದ್ದಾನೆ. ಓದಲೇಬೇಕಲ್ಲ.

ಆಗಸ್ಟ್ 26, ಸೋಮವಾರ

ಕೆಲಸಕ್ಕೆ ಮೊದಲ ದಿನ. ಮಕ್ಕಳು ಬರಲು ಇನ್ನೂ ವಾರವಿದೆ. ಲೂಆನ್‌ಗೆ ಹೈಸ್ಕೂಲಿನ ಕೆಲಸ ಶುಕ್ರವಾರವೇ ಖಾತ್ರಿಯಾಯಿತಂತೆ. ಹತ್ತು ಗಂಟೆಗೆ ತನ್ನ ಸಾಮಾನು ಒಯ್ಯಲು ಬಂದಳು. ಲಟ್ಟಣಿಗೆ, ಒಂದು ಜೊತೆ ಬೂಟು, ಅವಳದೇ ಚಾಕು, ಹದಿನಾಲ್ಕು ವರ್ಷದಲ್ಲಿ ಮಕ್ಕಳು ಬರೆದುಕೊಟ್ಟ ಚಿತ್ರಗಳು. ಇಷ್ಟೊಂದು ಚಿತ್ರ ಅವಳ ಕಪಾಟಿನಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ನನಗೆ ಯಾರೂ ಬರೆದುಕೊಟ್ಟಿಲ್ಲ.

ರಟ್ಟಿನ ಪೆಟ್ಟಿಗೆಗೆ ಒಂದೊಂದಾಗಿ ಇಡುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಅಂಕಪತ್ರದ ಪ್ರತಿ ನನಗೂ ಕಳಿಸ್ತಾರೆ, ಗೊತ್ತಲ್ಲ ನಿಮಗೆ."

"ಕಂಪ್ಯೂಟರ್ ಕಾರಣ ಕೇಳ್ತು, ಬರೆದೆ" ಅಂದೆ.

"ಮೂರು ಸಲ ಓದಿದೆ."

"ನಾನೂ ಒಂದು ಪುಸ್ತಕ ಮೂರು ಸಲ ಓದಿದೆ, ಅದ್ರಿಂದೇನೂ ಆಗಲ್ಲ."

ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು, ದನಿಯಲ್ಲಿ ಕೋಪವಿರಲಿಲ್ಲ. "ಹೋದ ವರ್ಷ ಇದನ್ನೇ ಬಾಯಲ್ಲಿ ಹೇಳಿದ್ದಿದ್ರೆ ನಾನು ಅರ್ಜೀನೇ ಹಾಕ್ತಿರ್ಲಿಲ್ಲ ಆರ್ಡಿಸ್. ಐದು ಬೇಡ, ನಾಲ್ಕೂ ಬೇಡ. 'ನೀನು ಹೋಗಬೇಡ' ಅಂದಿದ್ರೆ ಸಾಕಿತ್ತು."

"ಈಗ ಅಂದ್ರೆ?"

ಅವಳು ಕೊನೆಯ ಚಿತ್ರವನ್ನು ಪೆಟ್ಟಿಗೆಯಲ್ಲಿಟ್ಟಳು.

"ಈಗ ಹೋಗ್ಬೇಕು ಅನ್ನಿಸ್ತಿದೆ. ನಾನು ಚೆನ್ನಾಗಿ ಮಾಡ್ತೀನಿ ಅಂತ ಈಗ ನನಗೆ ಗೊತ್ತಾಗಿದೆಯಲ್ಲ."

ಪೆಟ್ಟಿಗೆ ಎತ್ತಿಕೊಂಡೆ. "ಭಾರ ಇದೆ, ಕೊಡಿ ಇಲ್ಲಿ" ಅಂದಳು. ಕೊಡಲಿಲ್ಲ. ಅವಳ ಕಾರಿನವರೆಗೂ ನಾನೇ ಹೊತ್ತುಕೊಂಡು ಹೋಗಿ ಹಿಂದಿನ ಸೀಟಿನ ಮೇಲೆ ಇಟ್ಟು ಬಂದೆ.